ಹೋಗು ಅನ್ನದ ಊರು

ಯಾವ ದಿಕ್ಕಿಗಿತ್ತು ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಇತ್ತು ಅನ್ನುವುದಂತೂ ನಿಜ. ಅಲ್ಲೊಂದು ಊರು, ಊರಿಗೊಂದು ನದಿ, ನದಿಗೆ ಇಳಿಯಲು ಕಲ್ಲಿನ ಮೆಟ್ಟಿಲು. ಆ ಊರಲ್ಲಿ ಯಾರೂ ಯಾರಿಗೂ ‘ಹೋಗು’ ಅನ್ನುತ್ತಿರಲಿಲ್ಲ. ನಾವೂ ನೀವೂ ಅನ್ನುವುದಿಲ್ಲ ಬಿಡಿ. ಹೊಸ್ತಿಲು ದಾಟುವವರಿಗೆ ‘ಹೋಗಿ ಬಾ’ ಅಂತಲೇ ಹೇಳುತ್ತೇವೆ, ಬರೀ ‘ಹೋಗು’ ಅಂದರೆ ಅಪಶಕುನ. ಆದರೆ ನಮ್ಮದು ಬರೀ ಬಾಯಿಮಾತು. ಅಲ್ಲಿ ಅದು ಕಟ್ಟಳೆ. ‘ಹೋಗಿ ಬಾ’ ಅನ್ನಿಸಿಕೊಂಡದ್ದು ಹೋಗಿ, ಬಂದೇ ಬರುತ್ತಿತ್ತು.

ಮೇಯಲು ಹೋದ ದನ ಬರುತ್ತಿತ್ತು. ಮುನಿಸಿಕೊಂಡು ಹೋದ ಅಳಿಯ ಬರುತ್ತಿದ್ದ. ಊರಿನ ಪಂಡಿತರು ಜ್ವರಕ್ಕೂ ಮರ್ಯಾದೆಯಿಂದ ‘ಹೋಗಿ ಬಾ’ ಅನ್ನುತ್ತಿದ್ದರು. ಅದೂ ಪ್ರತಿ ಮಳೆಗಾಲ ತಪ್ಪದೆ ಬಂದು, ಮನೆಮನೆಯ ಯೋಗಕ್ಷೇಮ ವಿಚಾರಿಸಿಕೊಂಡು ಹೋಗುತ್ತಿತ್ತು. ಯಾರಿಗೂ ಬೇಸರವಿರಲಿಲ್ಲ. ಬಂದವರನ್ನು ಬನ್ನಿ ಅನ್ನದೆ ಇರಲಾಗುತ್ತದೆಯೇ?

ಸಂಜೆಯಾದರೆ ಊರಿಗೆ ಊರೇ ಮೆಟ್ಟಿಲ ಹತ್ತಿರ ಸೇರುತ್ತಿತ್ತು. ಮಿಕ್ಕಿದ್ದನ್ನು, ಬೇಡದ್ದನ್ನು, ತೊಳೆದದ್ದನ್ನು, ಗುಡಿಸಿದ್ದನ್ನು ತಂದು ನೀರಿಗೆ ಬಗ್ಗಿಸಿ, ಎರಡೂ ಕೈ ಜೋಡಿಸಿ, ‘ಹೋಗಿ ಬಾ’ ಅನ್ನುತ್ತಿತ್ತು. ಸಿಪ್ಪೆ ಹೋಗಿ ಸೊಪ್ಪಾಗಿ ಬರುತ್ತಿತ್ತು. ಬೂದಿ ಹೋಗಿ ಬದನೆಕಾಯಾಗಿ ಬರುತ್ತಿತ್ತು. ಸಗಣಿ ಹೋಗಿ ರಾಗಿಯಾಗಿ ಬರುತ್ತಿತ್ತು. ನದಿ ಎಲ್ಲವನ್ನೂ ಕೈಹಿಡಿದು ಕರೆದುಕೊಂಡು ಹೋಗಿ, ಎಲ್ಲೋ ಒಂದು ಕಡೆ ವೇಷ ಬದಲಿಸಿ, ಮತ್ತೆ ಊರಿಗೆ ತಂದು ಬಿಡುತ್ತಿತ್ತು. ಹೇಗೆ ಅಂತ ಯಾರೂ ಕೇಳಿದವರಲ್ಲ. ಊಟಕ್ಕೆ ಕೂತವರು ಒಲೆ ಹೇಗೆ ಉರಿಯಿತು ಅಂತ ಕೇಳುತ್ತಾರೆಯೇ?

ಮೆಟ್ಟಿಲ ಪಕ್ಕದ ಮನೆ ಬಣ್ಣದವ್ವನದು. ಊರಿನ ಸೀರೆ, ಪಂಚೆ, ರುಮಾಲುಗಳಿಗೆಲ್ಲ ಬಣ್ಣ ಹಾಕುವವಳು ಅವಳು. ಅರಿಶಿನದಿಂದ ಹಳದಿ, ಮಂಜಿಷ್ಠದ ಬೇರಿನಿಂದ ಕೆಂಪು, ದಾಳಿಂಬೆ ಸಿಪ್ಪೆಯಿಂದ ಜೇನಿನ ಬಣ್ಣ. ಗಂಡ ಇಲ್ಲ, ಒಬ್ಬಳೇ ಮಗಳು. ಅವಳನ್ನು ಹೊಳೆಯ ಕೆಳಗಿನೂರಿಗೆ ಕೊಟ್ಟಿದ್ದಳು. ಮಗಳು ಈಗ ಚೊಚ್ಚಲ ಬಸುರಿ. ಮೊದಲ ಹೆರಿಗೆ ತವರಲ್ಲಿ ಆಗಬೇಕು, ತವರಿನ ನೀರಲ್ಲೇ ಕೂಸಿಗೆ ಮೊದಲ ಸ್ನಾನ, ಅಜ್ಜಿಯಾದವಳು ಕಾಲು ಚಾಚಿ ಕೂತು, ಕಾಲ ಮೇಲೆ ಮಲಗಿಸಿಕೊಂಡು ಎರೆಯಬೇಕು. ಬಣ್ಣದವ್ವನಿಗೆ ಉಳಿದಿದ್ದ ಆಸೆ ಅದೊಂದೇ. ಮಿಕ್ಕ ಆಸೆಗಳನ್ನೆಲ್ಲ ಅವಳು ಯಾವತ್ತೋ ಮಡಿಚಿ ಇಟ್ಟಾಗಿತ್ತು.

ಮಗಳ ಸೀಮಂತಕ್ಕೆ ಅಂತ ಅವಳು ಹೊಸದೊಂದು ಬಣ್ಣ ಮಾಡಿದಳು. ದಾರಿಹೋಕನೊಬ್ಬ ಕೊಟ್ಟ ಪುಡಿಯನ್ನು ಕುದಿಸಿ, ಕದಡಿ, ಸೋಸಿ, ಮಾಸದ ನೀಲಿಯನ್ನು ಹುಟ್ಟಿಸಿದಳು. ಒಗೆದರೂ ಮಾಸದು, ಒಣಗಿಸಿದರೂ ಮಾಸದು, ಬಂಡೆಗೆ ಬಡಿದರೆ ಬಂಡೆ ನೀಲಿಯಾಗುವುದೇ ಹೊರತು ಸೀರೆ ಬಿಳಿಯಾಗದು. ಮಗಳು ಆ ಸೀರೆ ಉಟ್ಟು ಕೂತಾಗ ಊರ ಹೆಂಗಸರ ಕಣ್ಣು ಅಲ್ಲೇ ನಾಟಿತು. ನನಗೊಂದು, ನನ್ನ ಸೊಸೆಗೊಂದು ಅಂತ ಬಾಗಿಲಿಗೆ ಬಂದರು. ಬಣ್ಣದವ್ವನ ಮಡಕೆ ಹಂಡೆಯಾಯಿತು, ಹಂಡೆ ಕೊಪ್ಪರಿಗೆಯಾಯಿತು. ಅವಳನ್ನು ನೋಡಿ ಸೋಪಿನವನು ಒಡೆಯದ ನೊರೆ ಕಂಡುಹಿಡಿದ. ಸುಣ್ಣದ ಗೂಡಿನವನು ಮಲಗದ ಬೆಂಕಿ ಹಚ್ಚಿದ, ಅದರ ಹೊಗೆ ಕರಗದ ಹೊಗೆ. ಊರಿಗೆ ಭಾರಿ ಖುಷಿ. ಸಂಜೆಯಾದರೆ ಎಲ್ಲರೂ ಮೊದಲಿನಂತೆಯೇ ಬಂದು, ಬಗ್ಗಿಸಿ, ಕೈ ಜೋಡಿಸಿ, ‘ಹೋಗಿ ಬಾ’ ಅನ್ನುತ್ತಿದ್ದರು.

ಎಡವಟ್ಟಾದದ್ದು ಅಲ್ಲೇ. ಸಿಪ್ಪೆಗೆ ವೇಷ ಬದಲಿಸುವುದು ಗೊತ್ತಿತ್ತು, ನೀಲಿಗೆ ಗೊತ್ತಿರಲಿಲ್ಲ. ಅದು ನೀಲಿಯಾಗಿ ಹೋಯಿತು, ನೀಲಿಯಾಗಿಯೇ ಬಂತು. ನೊರೆ ನೊರೆಯಾಗಿ ಹೋಯಿತು, ನೊರೆಯಾಗಿಯೇ ಬಂತು. ಹೊಗೆ ಹೋಗಿ ಹೊಗೆಯಾಗಿಯೇ ಬಂದು ಜಗಲಿಯ ಮೇಲೆ ಕೂತಿತು.

ಮೊದಲ ದಿನ ಊರ ಹಿರಿಯರ ಮೀಸೆ ನೀಲಿಯಾಯಿತು. ಅವರು ಕನ್ನಡಿಯಲ್ಲಿ ನೋಡಿಕೊಂಡು, ಪರವಾಗಿಲ್ಲ, ವಯಸ್ಸು ಕಡಿಮೆ ಕಾಣುತ್ತದೆ ಅಂದರು. ಆಮೇಲೆ ಮಜ್ಜಿಗೆ ನೀಲಿಯಾಯಿತು, ಅನ್ನ ನೀಲಿಯಾಯಿತು, ಬೆಕ್ಕು ನೀಲಿಯಾಗಿ ತನ್ನ ಬಾಲ ಕಂಡು ತಾನೇ ಓಡಿತು. ನೊರೆ ಬಂದು ಮಂಚದ ಮೇಲೆ ಮಲಗಿತು, ಮನೆಯವರು ಚಾಪೆ ಹಾಸಿಕೊಂಡು ಕೆಳಗೆ ಮಲಗಿದರು. ಹೊಗೆಗೆ ಮಣೆ ಕೊಟ್ಟವರೂ ಇದ್ದರು. ಜನ ನಕ್ಕರು. ನಗುನಗುತ್ತ ಕೆಮ್ಮಿದರು. ಕೊನೆಗೆ ಕೆಮ್ಮೇ ಉಳಿಯಿತು. ಮೈಯಲ್ಲಿ ತುರಿಕೆ ಎದ್ದಿತು, ಕಣ್ಣು ಉರಿಯಿತು, ಒಂದು ಬೆಳಗ್ಗೆ ಮೀನುಗಳು ಹೊಟ್ಟೆ ಮೇಲೆ ಮಾಡಿ ಮೆಟ್ಟಿಲಿಗೆ ಬಂದು ಮಲಗಿದವು. ಅವಕ್ಕೆ ಯಾರೂ ‘ಹೋಗಿ ಬಾ’ ಅಂದಿರಲಿಲ್ಲ.

ಆ ಹೊತ್ತಿಗೆ ಅಂಬಿಗ ಕೆಳಗಿನೂರಿನಿಂದ ಮಗಳ ಮಾತು ತಂದ. ಬಣ್ಣದವ್ವನ ಬಾಗಿಲಲ್ಲಿ ನಿಂತು, ಮಗಳು ಹೇಳಿದ ಹಾಗೆಯೇ ಒಪ್ಪಿಸಿದ. “ಅವ್ವ, ನಿಮ್ಮೂರ ನೀರು ನೀಲಿಯಂತೆ. ಆ ನೀರಲ್ಲಿ ಕೂಸಿಗೆ ಎರೆಯೋದು ಹೇಗೆ ಅಂತ ನಮ್ಮತ್ತೆ ಕೇಳ್ತಾರೆ. ನೀರು ತಿಳಿಯಾಗೋವರೆಗೂ ಕಳಿಸಲ್ಲ ಅಂತಾರೆ. ಅವರು ಹೇಳೋದ್ರಲ್ಲೂ ತಪ್ಪಿಲ್ಲ ಕಣವ್ವ. ಬೇಗ ಏನಾದ್ರೂ ಮಾಡು. ದಿನ ತುಂಬ್ತಾ ಬಂತು.”

ಬಣ್ಣದವ್ವ ಕೇಳಿದವಳೇ ಹಿರಿಯರ ಕಟ್ಟೆಗೆ ನಡೆದಳು. ಊರೂ ಹಿಂದೆ ಬಂತು. ಎಲ್ಲರೂ ತಲೆಗೊಂದು ಮಾತಾಡಿದರು, ತಲೆಗೊಂದು ಸಲ ಕೆಮ್ಮಿದರು. ಕೊನೆಗೆ ಊರಿನ ಮೇಷ್ಟ್ರು ಎದ್ದು ನಿಂತರು. ಅವರು ಮಾತಿನ ಮೇಷ್ಟ್ರು. ಯಾವ ಪದ ಎಲ್ಲಿ ಸೇರಬೇಕು, ಎಲ್ಲಿ ಬಿಡಬೇಕು ಅಂತ ಹೇಳಿಕೊಡುವವರು.

“ತಪ್ಪು ನೀಲಿಯದ್ದಲ್ಲ, ನಮ್ಮ ವ್ಯಾಕರಣದ್ದು,” ಅಂದರು ಮೇಷ್ಟ್ರು. “ಹೋಗಿ ಬಾ ಅಂದ್ರೆ ಎರಡು ಕೆಲಸ. ಮೊದಲನೇದು ಹೋಗೋದು, ಎರಡನೇದು ಬರೋದು. ಪಾಪ, ನೀಲಿ ಎರಡನ್ನೂ ಮಾಡ್ತಾ ಇದೆ. ಎರಡನೇ ಕೆಲಸ ಹೇಳಬೇಡಿ. ಹೋಗು ಅನ್ನಿ, ಸಾಕು.”

ಆ ಪದವನ್ನು ಎದುರಿಗಿದ್ದವರಿಗೆ ಹೇಳಿದವರು ಆ ಊರಲ್ಲಿ ಹುಟ್ಟಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹಿರಿಯರು ಮೀಸೆ ಸವರಿದರು, ಸೋಪಿನವನು ಆಕಾಶ ನೋಡಿದ, ಗೂಡಿನವನು ನೆಲ ನೋಡಿದ.

“ನಾನು ಅಂತೀನಿ,” ಅಂದಳು ಬಣ್ಣದವ್ವ. “ನನ್ನ ಮಗಳು ಬರಬೇಕು. ಬಾಯಿಗೆ ಪಾಪ ಬಂದ್ರೆ ಬರಲಿ.”

ಅವತ್ತು ಸಂಜೆ ಅವಳು ಕೊಪ್ಪರಿಗೆಯ ನೀರನ್ನು ಮೆಟ್ಟಿಲಲ್ಲಿ ಬಗ್ಗಿಸಿದಳು. ನಾಲಿಗೆ ಹೊರಳಲಿಲ್ಲ. ಹೋ ಅಂದಳು, ಉಗುಳು ನುಂಗಿದಳು, ಮತ್ತೆ ಹೋ ಅಂದಳು. ಕಣ್ಣು ಮುಚ್ಚಿ, “ಹೋಗು,” ಅಂದೇಬಿಟ್ಟಳು. ಏನೂ ಆಗಲಿಲ್ಲ. ಸಿಡಿಲು ಬಡಿಯಲಿಲ್ಲ, ಭೂಮಿ ಬಾಯಿ ಬಿಡಲಿಲ್ಲ. ಅದನ್ನು ಕಂಡು ಸೋಪಿನವನಿಗೂ ಧೈರ್ಯ ಬಂತು, ಹೋಗು ಅಂದ. ಗೂಡಿನವನು ಅಂದ, ಹಿರಿಯರು ಅಂದರು, ಮೇಷ್ಟ್ರು ಸ್ಪಷ್ಟವಾಗಿ ಉಚ್ಚರಿಸಿದರು. ಆಮೇಲೆ ನೋಡಿ, ಊರಿಗೆ ಅದರ ರುಚಿ ಹತ್ತಿತು. ಹೋಗು, ಹೋಗು, ಹೋಗು ಅಂತ ಕತ್ತಲಾಗುವವರೆಗೂ ಹೇಳಿ, ಹಗುರಾಗಿ ಮನೆಗೆ ಹೋಗಿ ಮಲಗಿದರು.

ಬೆಳಗ್ಗೆ ಎದ್ದರೆ ನೀಲಿ ಇಲ್ಲ. ನೊರೆ ಇಲ್ಲ. ಹೊಗೆ ಇಲ್ಲ. ಮಜ್ಜಿಗೆ ಮಜ್ಜಿಗೆಯ ಬಣ್ಣದಲ್ಲಿತ್ತು. ಬಣ್ಣದವ್ವ ಬಿಂದಿಗೆ ಎತ್ತಿಕೊಂಡು ಮೆಟ್ಟಿಲಿಗೆ ಓಡಿದಳು. ನದಿಯೂ ಇರಲಿಲ್ಲ. ಮೆಟ್ಟಿಲು ಇಳಿದು ಇಳಿದು ಮರಳಿಗೆ ಬಂತು. ಅಂಬಿಗ ಮರಳ ಮೇಲೆ ದೋಣಿಯಲ್ಲಿ ಕೂತು ಸುಮ್ಮನೆ ಹುಟ್ಟು ಹಾಕುತ್ತಿದ್ದ.

ಹೋಗು ಅಂದದ್ದು ನೀಲಿಗೋ, ನೀರಿಗೋ? ಮುಖಕ್ಕೆ ಮುಖ ಕೊಟ್ಟು ಹೇಳಿದ್ದು ನದಿಗೇ ಅಲ್ಲವೇ. ಅದು ಕೇಳಿಸಿಕೊಂಡಿತು, ಎದ್ದಿತು, ಹೋಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

“ನೀರಿನ ಜಾಡು ಕೆಳಗಿನೂರ ಕಡೆಗೇ ಹೋಗಿದೆ,” ಅಂದ ಅಂಬಿಗ. “ನನ್ನ ದೋಣಿಗೂ ಹೇಳದೆ ಹೋಯ್ತು ನೋಡವ್ವ. ಇಷ್ಟು ವರ್ಷದ ಸಂಬಂಧ.”

ಬಣ್ಣದವ್ವ ಮನೆಗೆ ಹೋಗಿ ಮಡಿಲಕ್ಕಿ ಕಟ್ಟಿದಳು. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಅರಿಶಿನ ಕುಂಕುಮ, ಎರಡು ರವಿಕೆ ಕಣ. ಮುನಿಸಿಕೊಂಡು ಹೋದ ಹೆಣ್ಣನ್ನು ಕರೆಯಲು ಬರಿಗೈಯಲ್ಲಿ ಹೋಗಬಾರದು. ಮಗಳಿಗೊಂದು ಕಣ, ನದಿಗೊಂದು ಕಣ. ಗಂಟನ್ನು ಸೊಂಟಕ್ಕೆ ಸಿಕ್ಕಿಸಿ ಬರಿದಾದ ಹೊಳೆಯ ಒಳಗೇ ನಡೆದಳು. ಅಂಬಿಗನೂ ದೋಣಿಯನ್ನು ತಲೆಯ ಮೇಲೆ ಹೊತ್ತು ಹಿಂದೆ ನಡೆದ, ನದಿ ಸಿಕ್ಕರೆ ಬೇಕಾಗುತ್ತದೆ ಅಂತ.

ಕೆಳಗಿನೂರಿನ ಕೆರೆಯಲ್ಲಿ ನದಿ ಮುದುಡಿಕೊಂಡು ಕೂತಿತ್ತು. ಮೈಯೆಲ್ಲ ನೀಲಿ, ತಲೆಯ ಮೇಲೆ ನೊರೆ, ಸುತ್ತ ಹೊಗೆ. ಕೆರೆಯ ಏರಿಯ ಮೇಲೆಯೇ ಮಗಳ ಮನೆ. ಬಾಗಿಲಲ್ಲಿ ಬೀಗಿತಿ, ಅಂದರೆ ಮಗಳ ಅತ್ತೆ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಮೊಣಕೈವರೆಗೂ ನೀಲಿ.

“ಬನ್ನಿ ಬೀಗಿತಿಯವರೇ, ಬನ್ನಿ,” ಅಂದಳು. “ಮದುವೇಲಿ ಬಳುವಳಿ ಕಮ್ಮಿ ಆಯ್ತು ಅಂತ ನಾನು ಯಾವತ್ತೋ ಒಂದು ಮಾತು ಅಂದಿದ್ದೆ. ಅದನ್ನ ಇಷ್ಟು ಮನಸ್ಸಿಗೆ ಹಚ್ಚಿಕೊಂಡ್ರಾ? ಊರಿಗೆ ಊರೇ ಮುಳುಗೋಷ್ಟು ಕಳಿಸಿದ್ದೀರಿ.”

ಬಣ್ಣದವ್ವ ತಲೆ ಎತ್ತಲಿಲ್ಲ. “ನಿಮ್ಮೂರಿಗೆ ಅಂತ ಕಳಿಸಲಿಲ್ಲ ತಾಯಿ.”

“ಮತ್ತೆ ಎಲ್ಲಿಗೆ ಅಂತ ಕಳಿಸಿದ್ರಿ?”

ಊರವರೆಲ್ಲ ಹೋಗು ಅಂದಿದ್ದರು, ಎಲ್ಲಿಗೆ ಅಂತ ಯಾರೂ ಹೇಳಿರಲಿಲ್ಲ. ಒಳಗಿನಿಂದ ಮಗಳು ಗೋಡೆ ಹಿಡಿದುಕೊಂಡು ಬಂದಳು. ಕಾಲು ಬಾತಿತ್ತು, ಮುಖ ಬಾಡಿತ್ತು.

“ಅಲ್ಲೂ ನೀರಿಲ್ಲ, ಇಲ್ಲೂ ನೀಲಿ ಆಯ್ತು,” ಅಂದಳು. “ಈಗ ಕೂಸನ್ನ ಎಲ್ಲಿ ಹೆರಲಿ ಅವ್ವ, ನೀನೇ ಹೇಳು.”

ಬಣ್ಣದವ್ವ ಕೆರೆಗೆ ಇಳಿದು, ನದಿಗೆ ಅರಿಶಿನ ಕುಂಕುಮ ಇಟ್ಟು, ಮಡಿಲಕ್ಕಿ ಹಾಕಿ, ಕಣ ಕೊಟ್ಟು, “ಬಾ ತಾಯಿ,” ಅಂದಳು. ನದಿ ಅಲುಗಲಿಲ್ಲ. “ಬಾ,” ಅಂದಳು. ದಡದಲ್ಲಿದ್ದ ಒಂದು ಸಣ್ಣ ಅಲೆಯನ್ನೂ ಅದು ಒಳಕ್ಕೆ ಎಳೆದುಕೊಂಡಿತು.

“ಯಾಕೆ ಬರ್ತಾಳೆ?” ಅಂದಳು ಬೀಗಿತಿ ಏರಿಯ ಮೇಲಿಂದ. “ಮೈಮೇಲೆ ನಿಮ್ಮೂರಿನ ಹೊರೆ ಹಾಗೇ ಇದೆ. ಹೊರೆ ಇಳಿಸದೆ ಬಾ ಬಾ ಅಂದ್ರೆ, ನಾನಾದ್ರೂ ಬರ್ತಿರಲಿಲ್ಲ.”

ಬಣ್ಣದವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮೇಲೆ ಬಂದಳು. ಸೋತ ಮುಖ ಇಟ್ಟುಕೊಂಡು ಮಗಳ ಮುಂದೆ ಎಷ್ಟು ಹೊತ್ತು ನಿಲ್ಲುವುದು? ಹೊರಡುತ್ತೇನೆ ಅಂತ ಗಂಟು ಎತ್ತಿಕೊಂಡಳು. ಮಗಳು ಅವಳ ಕೈ ಹಿಡಿದಳು.

“ಇರವ್ವ. ಬಂದ ಕಾಲಲ್ಲೇ ಹೊರಟ್ರೆ ಹೇಗೆ? ಇರು.”

ಬಣ್ಣದವ್ವ ಅಲ್ಲೇ ನಿಂತಳು. ಇರು. ಈ ಪದ ದಿನಾ ಬಾಯಲ್ಲಿ ಇದ್ದದ್ದೇ. ನೆಂಟರಿಗೆ ಹೋಗಿ ಬಾ ಅನ್ನುತ್ತೇವೆ. ಆಗದವರನ್ನು ಹೋಗು ಅನ್ನುತ್ತಾರೆ. ಇರು ಅನ್ನುವುದು ನಮ್ಮವರಿಗೆ, ನಮ್ಮ ಹೊಟ್ಟೆಯಲ್ಲಿ ಹುಟ್ಟಿದವರಿಗೆ. ಹಾಗಾದರೆ ಆ ನೀಲಿ ಯಾರ ಹೊಟ್ಟೆಯಲ್ಲಿ ಹುಟ್ಟಿತು?

ಅವಳು ಗಂಟನ್ನು ಮಗಳ ಕೈಗೆ ಕೊಟ್ಟು ಮತ್ತೆ ಕೆರೆಗೆ ಇಳಿದಳು. ಈ ಸಲ ನದಿಯನ್ನು ಮಾತಾಡಿಸಲಿಲ್ಲ, ನೀಲಿಯನ್ನು ಮಾತಾಡಿಸಿದಳು.

“ನಿನ್ನ ಹೆತ್ತವಳು ನಾನು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ನಿನ್ನ ಚಂದ ನೋಡಿ ನಾನೂ ಹಿಗ್ಗಿದೆ. ಸಾಕೋದಕ್ಕೆ ಮಾತ್ರ ಕಂಡವರ ಮನೆಗೆ ಕಳಿಸಿದೆ. ಆಗಿದ್ದು ಆಯ್ತು. ಇರು. ನನ್ನ ಹತ್ರ ಇರು.”

ನೀಲಿಗೆ ಅದನ್ನು ಇದುವರೆಗೆ ಯಾರೂ ಹೇಳಿರಲಿಲ್ಲ. ಅದು ನೀರಿನಿಂದ ಎದ್ದು ಅವಳ ಪಾದಕ್ಕೆ ಬಂತು, ಮೊಣಕಾಲಿಗೆ ಬಂತು, ಸೊಂಟಕ್ಕೆ, ತೋಳಿಗೆ, ಕೊರಳಿಗೆ, ನರೆತ ಕೂದಲಿಗೆ ಬಂತು. ಅಂಗೈ ನೀಲಿ, ಉಗುರು ನೀಲಿ, ಹುಬ್ಬು ನೀಲಿ. ಬೀಗಿತಿಯ ಕೈಯಿಂದಲೂ ಇಳಿದು ಹೋಗಿ ಅವಳನ್ನೇ ಸೇರಿತು. ಬಣ್ಣದವ್ವ ತಲೆಯಿಂದ ಪಾದದವರೆಗೆ ನೀಲಿಯಾದಳು. ಕೆರೆಯ ತಳದ ಕಲ್ಲುಗಳು ಒಂದೊಂದಾಗಿ ಕಂಡವು.

“ಅಯ್ಯೋ ಬೀಗಿತಿ,” ಅಂದಳು ಬೀಗಿತಿ. “ಒಂದು ಲೆಕ್ಕಕ್ಕೆ ಚೆನ್ನಾಗಿಯೇ ಕಾಣ್ತೀರಿ.”

ಬಣ್ಣದವ್ವ ಊರ ಕಡೆ ಹೆಜ್ಜೆ ಹಾಕಿದಳು. ಅವಳು ಕರೆಯಲಿಲ್ಲ, ನದಿಯೇ ಎದ್ದು ಹಿಂದೆ ಬಂತು, ಅವಳ ಹಿಮ್ಮಡಿ ನೆನೆಸಿಕೊಂಡು. ನದಿಯ ಮೇಲೆ ಅಂಬಿಗನ ದೋಣಿ, ದೋಣಿಯಲ್ಲಿ ಮಗಳು, ಮಗಳ ಪಕ್ಕ ಬೀಗಿತಿ. ನೊರೆಯೂ ಹೊಗೆಯೂ ಇನ್ನೂ ನದಿಯ ಬೆನ್ನ ಮೇಲೆಯೇ ಇದ್ದವು. ಅವು ಬಣ್ಣದವ್ವನ ಮಕ್ಕಳಲ್ಲ, ಅವಳ ಮಾತು ಅವಕ್ಕೆ ನಾಟುವುದಿಲ್ಲ.

ಊರ ಗಡಿಗೆ ಬಂದು ನದಿ ನಿಂತುಬಿಟ್ಟಿತು. ದಡದಲ್ಲಿ ಊರವರೆಲ್ಲ ಬರಿ ಕೊಡ ಹಿಡಿದುಕೊಂಡು ಕಾಯುತ್ತಿದ್ದರು. ನೀಲಿ ಹೆಂಗಸೊಬ್ಬಳು ನದಿಯನ್ನು ಹಿಂದಿಟ್ಟುಕೊಂಡು ಬರುವುದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು. ಅದೇ ಹೊತ್ತಿಗೆ ದೋಣಿಯಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡಳು.

“ನೋವು ಶುರುವಾಯ್ತು,” ಅಂತ ಕೂಗಿದಳು ಬೀಗಿತಿ. “ನಡುನೀರಲ್ಲಿ ಹೆರಿಗೆ ಮಾಡಿಸೋಕೆ ನನಗೆ ಬರಲ್ಲ. ಯಾರು ಏನು ಮಾಡಬೇಕೋ ಬೇಗ ಮಾಡ್ರಪ್ಪ.”

ಬಣ್ಣದವ್ವ ಸೋಪಿನವನ ಮುಂದೆ ಬಂದು ನಿಂತಳು. “ನಿನ್ನ ನೊರೆಗೆ ಇರು ಅನ್ನು.”

“ಅದನ್ನ ತಂದು ಎಲ್ಲಿ ಇಟ್ಟುಕೊಳ್ಳಲಿ ಅಕ್ಕ? ಮನೇಲಿ ಜಾಗ ಎಲ್ಲಿದೆ?”

“ನಿನ್ನ ಮನೇಲಿ ಜಾಗ ಇಲ್ಲದ್ದಕ್ಕೆ ನದಿಯ ಮೈಮೇಲೆ ಜಾಗ ಇದೆಯಾ?”

ದೋಣಿಯಿಂದ ಮಗಳ ನರಳಾಟ ಕೇಳಿಸಿತು. ಸೋಪಿನವನು ತನ್ನ ಹೆಂಡತಿಯ ಮುಖ ನೋಡಿದ. ಅವಳು, “ಮಾಡಿದ್ದುಣ್ಣೋ ಮಹಾರಾಯ,” ಅಂದು ಮನೆ ಬಾಗಿಲು ತೆಗೆಯಲು ಹೋದಳು. ಅವನು ಮೆಲ್ಲಗೆ, “ಇರು,” ಅಂದ. ನೊರೆ ನದಿಯಿಂದ ಎದ್ದು, ಸಾಲಾಗಿ ನಡೆದು, ಅವನ ಮನೆಯ ಅಟ್ಟ ಹತ್ತಿ ಕೂತಿತು. ಗೂಡಿನವನು ಇರು ಅಂದ. ಹೊಗೆ ಬಂದು ಅವನ ಕುತ್ತಿಗೆಗೆ ಶಾಲಿನಂತೆ ಸುತ್ತಿಕೊಂಡಿತು. ಅವನು ಅವತ್ತೇ ಕೆಮ್ಮುತ್ತ ಹೋಗಿ, ಮಲಗದ ಬೆಂಕಿಯನ್ನು ಮಲಗಿಸಿದ. ಮೇಷ್ಟ್ರು ನದಿಗೆ ಬಗ್ಗಿ ನಮಸ್ಕಾರ ಮಾಡಿ, “ತಪ್ಪಾಯ್ತು ತಾಯಿ, ಅರ್ಥ ನೋಡಿದೆ, ಯಾರ ಮುಖಕ್ಕೆ ಹೇಳ್ತೀವಿ ಅಂತ ನೋಡಲಿಲ್ಲ,” ಅಂದರು.

ನದಿ ಒಂದು ಸಲ ಮೈ ಕೊಡವಿಕೊಂಡು ಊರಿಗೆ ಕಾಲಿಟ್ಟಿತು. ದೋಣಿ ಮೆಟ್ಟಿಲಿಗೆ ತಾಗಿತು. ಮಗಳನ್ನು ನಾಲ್ಕು ಜನ ಹೆಂಗಸರು ಎತ್ತಿಕೊಂಡು ಒಳಗೆ ಹೋದರು. ಬಣ್ಣದವ್ವ ಹೊರಗೆ ನಿಂತು ಅಂಗೈ ತಿಕ್ಕಿದಳು. ಸೀಗೆಪುಡಿ ಹಾಕಿ ತಿಕ್ಕಿದಳು, ಮರಳು ಹಾಕಿ ತಿಕ್ಕಿದಳು. ಮಾಸದ ನೀಲಿ, ಅವಳೇ ಹುಟ್ಟಿಸಿದ್ದು, ಮಾಸಲಿಲ್ಲ. ಒಳಗಿನಿಂದ ಕೂಸಿನ ಅಳು ಕೇಳಿತು.

ಹೆಣ್ಣು ಕೂಸು. ಬಿಸಿನೀರು ಕಾದಿತ್ತು, ಹರಳೆಣ್ಣೆ ಬೆಚ್ಚಗಾಗಿತ್ತು, ಬಚ್ಚಲಲ್ಲಿ ಮಣೆ ಹಾಕಿತ್ತು. ಎಲ್ಲರೂ ಬಣ್ಣದವ್ವನ ಮುಖ ನೋಡಿದರು. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಗೋಡೆಗೆ ಒತ್ತಿ ನಿಂತಿದ್ದಳು.

“ನೀವೇ ಎರೀರಿ ಬೀಗಿತಿ,” ಅಂದಳು. “ನನ್ನ ಕೈ ಬೇಡ. ಕೂಸಿಗೆ ಹತ್ತುತ್ತೆ.”

“ನನಗೆ ಕಾಲು ಚಾಚಿ ಕೂರೋಕೆ ಆಗಲ್ಲಪ್ಪ, ಮಂಡಿ ನೋವು,” ಅಂದಳು ಬೀಗಿತಿ. ಅವಳಿಗೆ ಯಾವ ಮಂಡಿ ನೋವೂ ಇರಲಿಲ್ಲ.

ಮಗಳು ಹಾಸಿಗೆಯಿಂದಲೇ ಅವ್ವನನ್ನು ನೋಡಿದಳು. “ನೀಲಿಗೆ ಇರು ಅಂದಿದ್ದೀಯಲ್ಲವ್ವ. ನಿನ್ನ ಬಿಟ್ಟು ಎಲ್ಲಿಗೆ ಹೋಗುತ್ತೆ? ಕೂತ್ಕೋ. ನೀರು ಆರುತ್ತೆ.”

ಬಣ್ಣದವ್ವ ಮಣೆಯ ಮೇಲೆ ಕೂತು, ನೀಲಿ ಕಾಲುಗಳನ್ನು ಚಾಚಿದಳು. ಬೀಗಿತಿ ಕೂಸನ್ನು ತಂದು ಮೇಲೆ ಮಲಗಿಸಿದಳು. ನೀಲಿ ಕೈ ಹರಳೆಣ್ಣೆ ತೆಗೆದುಕೊಂಡು ಕೂಸಿನ ನೆತ್ತಿ ಮುಟ್ಟಿತು, ಬೆನ್ನು ಸವರಿತು, ಪುಟ್ಟ ತೊಡೆ, ಪುಟ್ಟ ಪಾದ ಸವರಿತು. ಅವಳು ಕೂಸನ್ನು ನೋಡಲಿಲ್ಲ. ನೋಡುವ ಧೈರ್ಯ ಆಗಲಿಲ್ಲ. ತಂಬಿಗೆ ಎತ್ತಿ ಎರೆದಳು, ಇನ್ನೊಂದು ಎರೆದಳು, ಕೂಸಿನ ಮೈಯಿಂದ ಇಳಿದ ನೀರು ಅವಳ ಕಾಲ ಪಕ್ಕದಲ್ಲಿ ಹರಿದು ಬಚ್ಚಲ ಕಿಂಡಿಯ ಕಡೆ ಹೋಗುತ್ತಿತ್ತು. ಬಗ್ಗಿ ಅದನ್ನೇ ನೋಡಿದಳು. ನೀರು ನೀರಿನ ಬಣ್ಣದಲ್ಲೇ ಇತ್ತು.